ಜೀವಸತ್ವಗಳೂ ಗುಹ್ಯಾಂಗದ ನರಹುಲಿಗಳೂ

ಪ್ರಶ್ನೆ: ಜೀವಸತ್ವಗಳ ಕೊರತೆಯಿಂದ ಜನನಾಂಗದಲ್ಲಿ ನರಹುಲಿಗಳು ಏಳುವುವೆ? ಮಾತ್ರೆ ನುಂಗಿದರೆ ಹೋಗುವುವೆ?

ಉತ್ತರ: ಅವನ್ನು ಎಬ್ಬಿಸುವುದು ಜೀವಸತ್ವದ ಅಭಾವವಲ್ಲ, ಎಚ್‌ಪಿವಿ ಎಂಬ ವೈರಾಣು, ಅದರ ನಾನಾ ಪ್ರಭೇದಗಳಲ್ಲಿ 6 ಮತ್ತು 11ನೆಯವೇ ನೂರರಲ್ಲಿ ಸುಮಾರು 90 ಪಾಲಿಗೆ ಕಾರಣ, ಹರಡುವುದು ಬಹುಮಟ್ಟಿಗೆ ಲೈಂಗಿಕ ಸಂಪರ್ಕದಿಂದ. ಆದರೂ ತಮ್ಮ ಸಂಶಯ ತೀರ ನಿರಾಧಾರವಲ್ಲ. ಒಳಹೊಕ್ಕ ವೈರಾಣುವನ್ನು ಹತ್ತಿಕ್ಕುವ ಭಾರವು ದೇಹದ ರೋಗನಿರೋಧಕ ಶಕ್ತಿಯದಾಗಿರುವುದರಿಂದಲೂ, ಆ ಶಕ್ತಿಗೆ ಎ, ಡಿ, ಫೋಲೇಟ್, ಬಿ12 ಮೊದಲಾದವು ಪೋಷಕಗಳಾಗಿರುವುದರಿಂದಲೂ, ನರಹುಲಿಯುಳ್ಳವರ ರಕ್ತದಲ್ಲಿ ಇವುಗಳ ಪ್ರಮಾಣವನ್ನು ಅಳೆದು ನೋಡುವ ಯತ್ನಗಳು ನಡೆದಿವೆ. ಕೆಲವೆಡೆ ನ್ಯೂನತೆ ಕಂಡಿದೆ, ಕೆಲವೆಡೆ ಇಲ್ಲ. ಎರಡು ಸಂಗತಿಗಳು ಜೊತೆಯಾಗಿ ಕಂಡ ಮಾತ್ರಕ್ಕೆ ಒಂದು ಇನ್ನೊಂದನ್ನು ಹುಟ್ಟಿಸಿತೆಂದು ತೀರ್ಮಾನಿಸುವುದು ತರ್ಕಕ್ಕೆ ಸಲ್ಲದು (ಔಷಧ ಮಾರುವವರ ತರ್ಕಕ್ಕೆ ಮಾತ್ರ ಅದು ಸದಾ ಸಲ್ಲುತ್ತದೆ). ಕೊರತೆಯಿದ್ದವರು ಅದನ್ನು ತುಂಬಿಕೊಳ್ಳುವುದು ಯುಕ್ತವೇ. ಆದರೆ ಎ, ಡಿಗಳನ್ನು ಮಿತಿಮೀರಿ ಸೇವಿಸಿದರೆ ಅವು ಶರೀರದಲ್ಲಿ ಸಂಚಯಗೊಂಡು ವಿಷಪ್ರಾಯವಾಗುವುವು. ನರಹುಲಿಗೆ ಇಮಿಕ್ವಿಮಾಡ್ ಲೇಪ, ಶೀತಚಿಕಿತ್ಸೆ ಮುಂತಾದ ಉಪಾಯಗಳುಂಟು. ಆ ಎರಡು ಪ್ರಭೇದಗಳನ್ನು ತಡೆಯುವ ಲಸಿಕೆಯೂ 2006ರಿಂದ ಬಳಕೆಯಲ್ಲಿದೆ. ಸಂಕೋಚವನ್ನು ತೊರೆದು ಚರ್ಮರೋಗ ತಜ್ಞರನ್ನು ಕಾಣಿರಿ.