ಜಾತ್ರೆಯ ಸೂಜಿ, ಹದಿಹರೆಯದ ತೋಳು

ತೇರು ಎಳೆದ ಮರುದಿನ ಜಾತ್ರೆಯ ಅಂಗಡಿ ಸಾಲಿನ ಕೊನೆಯವರೆಗೆ ಒಮ್ಮೆ ನಡೆದು ನೋಡಿ. ಬಳೆ ಅಂಗಡಿ, ಬೆಂಡು–ಬತ್ತಾಸು, ಮಂಡಕ್ಕಿ ರಾಶಿ ಎಲ್ಲ ದಾಟಿದ ಮೇಲೆ, ರಾಟೆ ತೊಟ್ಟಿಲಿನ ಸದ್ದಿನ ಪಕ್ಕದಲ್ಲಿ ಎರಡು ಪ್ಲಾಸ್ಟಿಕ್ ಸ್ಟೂಲು, ಬ್ಯಾಟರಿಗೆ ವೈರು ಕೊಟ್ಟ ಅಂಗೈಯಗಲದ ಮಷಿನ್ನು, ಲ್ಯಾಮಿನೇಟ್ ಮಾಡಿದ ಚಿತ್ರಗಳ ಹಾಳೆ ಕಾಣುತ್ತವೆ. ಹಾಳೆಯಲ್ಲಿ ಚೇಳು, ತ್ರಿಶೂಲ, ಓಂಕಾರ, ಬಾಣ ನೆಟ್ಟ ಹೃದಯ, ರೆಕ್ಕೆ ಬಿಚ್ಚಿದ ಹದ್ದು, ನಗುವ ಅಪ್ಪು. ಹೆಸರು ಬರೆಸುವುದಾದರೆ ಅಕ್ಷರಕ್ಕೆ ಇಷ್ಟು ಎಂದು ರೇಟು. ಸ್ಟೂಲಿನ ಮೇಲೆ ಕೂತ ಹುಡುಗನಿಗೆ ಮೀಸೆ ಈಗಷ್ಟೇ ಚಿಗುರುತ್ತಿದೆ. ಜೊತೆಗೆ ಬಂದ ಇಬ್ಬರು ಮೊಬೈಲಿನಲ್ಲಿ ವಿಡಿಯೊ ಹಿಡಿಯುತ್ತಿದ್ದಾರೆ. ಮಷಿನ್ನಿನವನು ಹುಡುಗನ ವಯಸ್ಸು ಕೇಳುವುದಿಲ್ಲ. ಅವನು ಕೇಳುವುದು ಒಂದೇ ಪ್ರಶ್ನೆ: ‘ಸ್ಪೆಲಿಂಗ್ ಸರಿಯಾಗಿ ಹೇಳಪ್ಪಾ.’

ಹದಿನೆಂಟಾಗದ ಮಕ್ಕಳಿಗೆ ಟ್ಯಾಟೂ ಹಾಕಬಹುದೇ ಎಂಬ ಚರ್ಚೆ ನಮ್ಮಲ್ಲಿ ಎದ್ದಾಗಲೆಲ್ಲ ಎಲ್ಲರ ಕಣ್ಣೆದುರು ಬರುವುದು ಬೆಂಗಳೂರಿನ ಇಂದಿರಾನಗರದ್ದೋ ಕೋರಮಂಗಲದ್ದೋ ಎ.ಸಿ. ಸ್ಟುಡಿಯೊ. ನಿಜ ಹೇಳಬೇಕೆಂದರೆ ಅಲ್ಲಿ ತೊಂದರೆ ಕಡಿಮೆ. ಹೆಸರು ಉಳಿಸಿಕೊಳ್ಳಬೇಕೆನ್ನುವ ಸ್ಟುಡಿಯೊಗಳು ಬಾಗಿಲಲ್ಲೇ 18 ತುಂಬಿರಬೇಕೆಂದು ಬೋರ್ಡು ಹಾಕಿಕೊಂಡಿವೆ, ಆಧಾರ್ ಕೇಳುತ್ತವೆ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತವೆ, ಹೊಸ ಸೂಜಿಯ ಪೊಟ್ಟಣವನ್ನು ಗಿರಾಕಿಯ ಎದುರೇ ಒಡೆಯುತ್ತವೆ. ಆದರೆ ಆ ಬೋರ್ಡು ಅವರೇ ಹಾಕಿಕೊಂಡದ್ದು. ಇಷ್ಟು ವಯಸ್ಸಿಗಿಂತ ಕೆಳಗಿನವರಿಗೆ ಹಚ್ಚೆ ಹಾಕಬಾರದು ಎಂದು ನೇರವಾಗಿ ಹೇಳುವ ಕೇಂದ್ರ ಕಾಯ್ದೆ ನಮ್ಮಲ್ಲಿಲ್ಲ. ಬ್ರಿಟನ್ನಿನಲ್ಲಿ 1969ರಿಂದಲೂ ಅದಕ್ಕೆಂದೇ ಒಂದು ಪುಟ್ಟ ಕಾಯ್ದೆ ಇದೆ. ವೈದ್ಯಕೀಯ ಕಾರಣಕ್ಕೆ ವೈದ್ಯರೇ ಹಾಕುವುದನ್ನು ಬಿಟ್ಟರೆ 18ರ ಒಳಗಿನವರಿಗೆ ಹಚ್ಚೆ ಹಾಕುವುದು ಅಲ್ಲಿ ಅಪರಾಧ. ಅಪ್ಪ–ಅಮ್ಮ ಪಕ್ಕದಲ್ಲೇ ನಿಂತು ಹೂಂ ಅಂದರೂ ಅಪರಾಧವೇ.

ನಮ್ಮಲ್ಲಿ ನೇರ ಕಾಯ್ದೆ ಇಲ್ಲವೆಂದ ಮಾತ್ರಕ್ಕೆ ಕಾನೂನು ಪೂರ್ತಿ ಮೌನವಾಗಿದೆ ಎಂದಲ್ಲ. 1875ರ ಕಾಯ್ದೆಯ ಪ್ರಕಾರ ಪ್ರಾಪ್ತ ವಯಸ್ಸು 18. ಅದಕ್ಕಿಂತ ಚಿಕ್ಕವರು ಮಾಡಿಕೊಂಡ ಕರಾರಿಗೆ ಬೆಲೆಯೇ ಇಲ್ಲ ಎಂದು 1903ರಲ್ಲಿ ಮೊಹೊರಿ ಬೀಬಿ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ತೀರ್ಪು ಕೊಟ್ಟಾಗಿದೆ. ಹಾಗಾಗಿ ಹದಿನಾರರ ಹುಡುಗಿ ಸಹಿ ಹಾಕಿದ ಒಪ್ಪಿಗೆ ಪತ್ರ ಅಂಗಡಿಯವನನ್ನು ಕಾಯುವುದಿಲ್ಲ. ಕ್ರಿಮಿನಲ್ ಕಾನೂನು ಇನ್ನೂ ಕುತೂಹಲಕರ. ಸಾವಾಗಲಿ ತೀವ್ರ ಗಾಯವಾಗಲಿ ಆಗುವ ಸಂಭವವಿಲ್ಲದ ಕೆಲಸದಲ್ಲಿ, ಒಪ್ಪಿ ಬಂದವರಿಗೆ ಸಣ್ಣಪುಟ್ಟ ನೋವಾದರೆ ಅದು ಅಪರಾಧವಲ್ಲ ಎನ್ನುತ್ತದೆ ಭಾರತೀಯ ನ್ಯಾಯ ಸಂಹಿತೆಯ 25ನೇ ಕಲಂ. ಹಳೆಯ ದಂಡ ಸಂಹಿತೆಯಲ್ಲಿ ಇದೇ 87ನೇ ಕಲಂ ಆಗಿತ್ತು. ಕಾನೂನು ಕೊಡುವ ಉದಾಹರಣೆ, ಮೋಜಿಗಾಗಿ ಕತ್ತಿವರಸೆ ಆಡಲು ಒಪ್ಪಿಕೊಂಡ ಇಬ್ಬರದು. ಆದರೆ ಒಪ್ಪಿಗೆ ಕೊಟ್ಟವರಿಗೆ 18 ದಾಟಿರಬೇಕು ಎಂಬ ಮಾತು ಅಲ್ಲೇ ಇದೆ. ಅಂದರೆ ಚಿಕ್ಕವರ ತೋಳಿಗೆ ಸೂಜಿ ಇಟ್ಟವನು ‘ಅವನೇ ಕೇಳಿದ ಸಾರ್’ ಎಂದು ಈ ಕಲಮಿನ ಮರೆಗೆ ನಿಲ್ಲಲಾರ. ಜಾತ್ರೆಯ ಸ್ಟೂಲಿನವನಿಗೆ ಇದನ್ನು ಯಾರೂ ಹೇಳಿಲ್ಲ, ಅಷ್ಟೇ.

ಬೇಡ ಎನ್ನುವವರು ಸಾಮಾನ್ಯವಾಗಿ ಎತ್ತುವ ಮೊದಲ ಅಸ್ತ್ರ ‘ಇದು ನಮ್ಮ ಸಂಸ್ಕೃತಿಯಲ್ಲ’ ಎಂಬುದು. ಈ ಮಾತು ಕೇಳಿದರೆ ನಮ್ಮ ಅಜ್ಜಿಯಂದಿರು ಮುಂಗೈ ಚಾಚಿ ತೋರಿಸಿ ನಕ್ಕಾರು. ತುಳಸಿಕಟ್ಟೆ, ರಂಗೋಲಿಯ ಎಳೆ, ಚೇಳು, ತೊಟ್ಟಿಲು, ಹಣೆಯ ನಡುವೆ ಹಸಿರು ಚುಕ್ಕಿ — ಹಳೆಯ ತಲೆಮಾರಿನ ಹೆಂಗಸರಲ್ಲಿ ಹಚ್ಚೆ ಇಲ್ಲದ ಕೈ ಹುಡುಕಬೇಕಾಗಿತ್ತು. ಊರೂರು ತಿರುಗುವ ಕೊರವಂಜಿಯರು ಕಣಿ ಹೇಳುತ್ತ, ಹಚ್ಚೆ ಹುಯ್ಯುತ್ತ ಬರುತ್ತಿದ್ದರು. ದೀಪದ ಕಾಡಿಗೆಯನ್ನು ಸೊಪ್ಪಿನ ರಸದಲ್ಲಿ ಕಲಸಿ, ಒಟ್ಟಿಗೆ ಕಟ್ಟಿದ ಸೂಜಿಗಳನ್ನು ಅದ್ದಿ ಚುಚ್ಚಿ, ಮೇಲೆ ಅರಿಶಿನ ಬಳಿದು, ನೋವು ಮರೆಸಲು ಹಾಡುತ್ತಿದ್ದರು. ಕೂಲಿ ಒಂದಿಷ್ಟು ರಾಗಿ, ಹಳೆ ಸೀರೆ. ಸತ್ತ ಮೇಲೆ ಮೈಮೇಲಿನ ಒಡವೆಯನ್ನೆಲ್ಲ ಬಿಚ್ಚಿಕೊಳ್ಳುತ್ತಾರೆ, ಜೊತೆಗೆ ಬರುವ ಒಡವೆ ಇದೊಂದೇ ಎಂಬ ನಂಬಿಕೆ ಬೇರೆ. ಚುಚ್ಚಿಸಿಕೊಳ್ಳುತ್ತಿದ್ದವರ ವಯಸ್ಸು? ಮದುವೆಗೆ ಮುಂಚಿನದು. ಆ ಕಾಲದ ಮದುವೆ ಎಂದರೆ ಎಷ್ಟು ಚಿಕ್ಕ ವಯಸ್ಸಿನದು ಎಂದು ಬಿಡಿಸಿ ಹೇಳಬೇಕಿಲ್ಲ. ಇಬ್ಬರು ಹೆಂಗಸರು ಹಿಡಿದುಕೊಂಡು, ಹುಡುಗಿ ಕಿರುಚುತ್ತಿರುವಾಗಲೇ ಹಾಕಿಸಿದ ಹಚ್ಚೆಗಳಿಗೂ ಲೆಕ್ಕವಿಲ್ಲ.

ಹಾಗಾದರೆ ಅಜ್ಜಿಗೆ ಎಂಟು ವರ್ಷಕ್ಕೆ ಹಾಕಿದ್ದು ತಪ್ಪಲ್ಲವಾದರೆ ಮೊಮ್ಮಗಳಿಗೆ ಹದಿನಾರಕ್ಕೆ ಯಾಕೆ ಬೇಡ? ಹಚ್ಚೆ ಬೇಕೆನ್ನುವ ಮಕ್ಕಳು ಮನೆಯಲ್ಲಿ ಈ ಪ್ರಶ್ನೆ ಹಾಕಿದರೆ ಬಹಳಷ್ಟು ಅಪ್ಪ–ಅಮ್ಮಂದಿರ ಬಾಯಿ ಕಟ್ಟುತ್ತದೆ. ನನ್ನ ಮಟ್ಟಿಗೆ ಉತ್ತರ ಎರಡು ಭಾಗದ್ದು. ಒಂದು, ಅಜ್ಜಿಗೆ ಮಾಡಿದ್ದೂ ಸರಿಯಲ್ಲ. ಅವಳನ್ನು ಯಾರೂ ಕೇಳಿರಲಿಲ್ಲ. ಎರಡು, ಅಜ್ಜಿಯ ಹಚ್ಚೆ ಅವಳೊಬ್ಬಳದಾಗಿರಲಿಲ್ಲ. ಓರಗೆಯವರ ಕೈಯಲ್ಲೆಲ್ಲ ಅದೇ ಚೇಳು, ಅದೇ ತುಳಸಿಕಟ್ಟೆ. ಎಪ್ಪತ್ತಕ್ಕೆ ಬಂದಾಗಲೂ ಅದು ಅವಳನ್ನು ಬೇರೆ ಮಾಡಿ ತೋರಿಸಲಿಲ್ಲ, ಕೆಲಸ ಕೇಳಲು ಹೋದಲ್ಲಿ ಯಾರೂ ತೋಳು ತಿರುಗಿಸಿ ನೋಡಲಿಲ್ಲ. ಇಂದಿನ ಹುಡುಗ ಬರೆಸಿಕೊಳ್ಳುವುದು ಈ ವರ್ಷದ ತನ್ನ ಪ್ರೀತಿ, ಈ ವರ್ಷದ ತನ್ನ ಸಿಟ್ಟು, ಈ ವರ್ಷದ ಹೀರೊ.

ಹೀರೊ ಎಂದಾಗ ನೆನಪಾಯಿತು. 2024ರ ಜೂನ್‌ನಲ್ಲಿ ಕನ್ನಡದ ಜನಪ್ರಿಯ ನಟರೊಬ್ಬರು ಕೊಲೆ ಆರೋಪದಲ್ಲಿ ಬಂಧಿತರಾಗಿ ಪರಪ್ಪನ ಅಗ್ರಹಾರ ಸೇರಿದರು. ಅವರಿಗೆ ಸಿಕ್ಕ ವಿಚಾರಣಾಧೀನ ಕೈದಿ ಸಂಖ್ಯೆ 6106. ಕೆಲವೇ ದಿನಗಳಲ್ಲಿ ಆ ನಾಲ್ಕು ಅಂಕಿ ಬೈಕುಗಳ ಮೇಲೆ, ಆಟೊಗಳ ಹಿಂದೆ, ಅಭಿಮಾನಿಗಳ ಮೈಮೇಲೆ ಮೂಡಿತು. ಪುಟ್ಟ ಕೂಸಿಗೆ ಕೈದಿ ಬಟ್ಟೆ ತೊಡಿಸಿ ಅದೇ ಸಂಖ್ಯೆ ಬರೆದು ಫೋಟೊ ತೆಗೆಸಿದವರೂ ಇದ್ದರು. ಬಟ್ಟೆ ಕಳಚಬಹುದು, ಸ್ಟಿಕ್ಕರು ಕೆರೆದು ತೆಗೆಯಬಹುದು. ಆರೋಪ ಸಾಬೀತಾಗಲಿ ಬಿಡಲಿ, ಜೈಲಿನ ರಿಜಿಸ್ಟರಿನ ಒಂದು ನಂಬರನ್ನು ನಲವತ್ತನೇ ವಯಸ್ಸಿನಲ್ಲಿ ಮಗಳಿಗೆ ಏನೆಂದು ವಿವರಿಸುವುದು ಎಂದು ಯೋಚಿಸುವ ವಯಸ್ಸೇ ಅಲ್ಲ ಹದಿನೈದು. ಮೂವತ್ತು ದಾಟಿದವರೂ ಬರೆಸಿಕೊಂಡರಲ್ಲ ಅಂದರೆ, ಹೌದು, ಬರೆಸಿಕೊಂಡರು. ದೊಡ್ಡವರಿಗೆ ದಡ್ಡತನದ ಹಕ್ಕನ್ನು ಕಾನೂನು ಕೊಟ್ಟಿದೆ.

ಚರ್ಮದ ಒಳಗೆ ನಡೆಯುವುದನ್ನು ತಿಳಿದರೆ ‘ಶಾಶ್ವತ’ ಎಂಬುದರ ಭಾರ ಅರಿವಾಗುತ್ತದೆ. ಸೂಜಿ ಹೊರಪೊರೆ ದಾಟಿ ಒಂದೆರಡು ಮಿಲಿಮೀಟರ್ ಆಳಕ್ಕೆ ಶಾಯಿಯನ್ನು ಇಳಿಸುತ್ತದೆ. ಹೊರಗಿನದೇನೋ ಒಳಗೆ ಬಂತೆಂದು ದೇಹದ ಕಾವಲು ಕಣಗಳಾದ ಮ್ಯಾಕ್ರೋಫೇಜ್‌ಗಳು ಓಡಿ ಬಂದು ಶಾಯಿಯ ಹರಳುಗಳನ್ನು ನುಂಗುತ್ತವೆ, ಆದರೆ ಅರಗಿಸಿಕೊಳ್ಳಲಾರದೆ ಅಲ್ಲೇ ಕೂತುಬಿಡುತ್ತವೆ. ಆ ಕಣ ಸತ್ತರೆ? 2018ರಲ್ಲಿ ಫ್ರಾನ್ಸಿನ ಮಾರ್ಸೇ ನಗರದ ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ಮಾಡಿ ಇದಕ್ಕೆ ಉತ್ತರ ಕಂಡುಕೊಂಡರು. ಸತ್ತ ಕಣ ಉಗುಳಿದ ಶಾಯಿಯನ್ನು ಪಕ್ಕಕ್ಕೆ ಬಂದ ಹೊಸ ಕಣ ಮತ್ತೆ ನುಂಗುತ್ತದೆ. ಹೀಗೆ ಒಂದರಿಂದ ಇನ್ನೊಂದಕ್ಕೆ ಕೈ ದಾಟುತ್ತ, ಚಿತ್ರ ಇದ್ದಲ್ಲೇ ಉಳಿಯುತ್ತದೆ. ಅಳಿಸಲು ಲೇಸರ್ ಇದೆಯಲ್ಲ ಎನ್ನುತ್ತಾರೆ ಮಕ್ಕಳು. ಇದೆ. ಅದು ಹರಳುಗಳನ್ನು ಪುಡಿ ಮಾಡುತ್ತದೆ, ಪುಡಿಯನ್ನು ದೇಹ ನಿಧಾನಕ್ಕೆ ಸಾಗಿಸುತ್ತದೆ. ಕಪ್ಪು ಬೇಗ ಹೋಗುತ್ತದೆ. ಹಸಿರು, ನೀಲಿ, ಹಳದಿ ಹಟ ಹಿಡಿಯುತ್ತವೆ. ವಾರಗಟ್ಟಲೆ ಬಿಡುವು ಕೊಟ್ಟು ಹಲವು ಸಲ ಕೂರಬೇಕು, ಹಾಕಿಸಿದ ದುಡ್ಡಿನ ಎಷ್ಟೋ ಪಟ್ಟು ತೆರಬೇಕು. ನಮ್ಮಂಥ ಎಣ್ಣೆಗಪ್ಪು, ಗೋಧಿ ಬಣ್ಣದ ಚರ್ಮದಲ್ಲಿ ಬಿಳಿಯದೋ ಕಪ್ಪದೋ ಕಲೆ ಉಳಿಯುವ ಅಪಾಯವೂ ಹೆಚ್ಚು. ಹದಿನಾಲ್ಕರ ತೋಳು ಬೆಳೆದು ಗಟ್ಟಿಯಾಗುತ್ತ ಹೋದಂತೆ ಅದರ ಮೇಲಿನ ಹದ್ದು ಅಗಲವಾಗುತ್ತ ಬಾತುಕೋಳಿಯಂತೆ ಕಾಣುವುದು ಬೇರೆ ಮಾತು.

ಇಷ್ಟೆಲ್ಲ ಹೇಳಿದರೂ ಹುಡುಗರು ಕಿವಿಗೆ ಹಾಕಿಕೊಳ್ಳುವುದಿಲ್ಲ. ಅವರು ಕಿವಿ ನಿಮಿರಿಸುವುದು ಸೇನಾ ಭರ್ತಿಯ ವಿಷಯ ಬಂದಾಗ. ಬೆಳಗಾವಿ, ಧಾರವಾಡ, ವಿಜಯಪುರ, ಹಾವೇರಿ ಕಡೆ ಪಿಯುಸಿ ಓದುತ್ತಲೇ ಬೆಳಿಗ್ಗೆ ಐದಕ್ಕೆದ್ದು ಓಡುವ ಹುಡುಗರು ಊರೂರಿಗಿದ್ದಾರೆ. ಅಗ್ನಿವೀರನಾಗಲು ಹದಿನೇಳೂವರೆ ತುಂಬಿದ್ದರೆ ಸಾಕು. ಆದರೆ ಸೇನೆ ಒಪ್ಪುವುದು ಮೊಣಕೈ ಒಳಭಾಗದಿಂದ ಮಣಿಕಟ್ಟಿನವರೆಗಿನ ಹಚ್ಚೆ, ಇಲ್ಲವೇ ಅಂಗೈಯ ಹಿಂಬದಿಯ ಹಚ್ಚೆಯನ್ನು ಮಾತ್ರ. ಬುಡಕಟ್ಟು ಸಮುದಾಯದವರಿಗೆ ಅವರ ಸಂಪ್ರದಾಯದಂತೆ ವಿನಾಯಿತಿ ಇದೆ. ಅರೆಸೇನಾ ಪಡೆಗಳಲ್ಲಿ ನಿಯಮ ಇನ್ನೂ ಬಿಗಿ: ಮುಂಗೈಯಲ್ಲಾದರೆ ಎಡಗೈಯೇ ಆಗಬೇಕು, ಏಕೆಂದರೆ ಸೆಲ್ಯೂಟ್ ಹೊಡೆಯುವುದು ಬಲಗೈ. ಗಾತ್ರ ಆ ಭಾಗದ ಕಾಲು ಪಾಲು ಮೀರಬಾರದು. ಜಾತ್ರೆಯಲ್ಲಿ ಹುಡುಗರು ಹಾಕಿಸಿಕೊಳ್ಳುವುದು ಎಲ್ಲಿ? ರಟ್ಟೆಯ ಮೇಲೆ, ಕುತ್ತಿಗೆಯ ಪಕ್ಕ, ಎದೆಯ ಮೇಲೆ. ಬನಿಯನ್ ಹಾಕಿದಾಗ ಕಾಣಬೇಕಲ್ಲ! ಓಟದಲ್ಲಿ ಗೆದ್ದು, ಎತ್ತರ–ಎದೆ ಅಳತೆಯಲ್ಲಿ ಗೆದ್ದು, ವೈದ್ಯಕೀಯ ತಪಾಸಣೆಯಲ್ಲಿ ರಟ್ಟೆಯ ಸಿಂಹದ ಮುಖ ನೋಡಿ ಹೊರಗೆ ಕಳಿಸಿದರೆ ಆ ಹುಡುಗ ಯಾರನ್ನು ದೂರಬೇಕು?

ಇಲ್ಲೇ ಒಂದು ನ್ಯಾಯವಾದ ಆಕ್ಷೇಪಣೆಯೂ ಹುಟ್ಟುತ್ತದೆ. ಹದಿನೇಳೂವರೆಗೆ ಬಂದೂಕು ಹಿಡಿಯಲು ಸೇರಿಸಿಕೊಳ್ಳುತ್ತೀರಿ, ಹದಿನಾರಕ್ಕೆ ಗೇರಿಲ್ಲದ ಸಣ್ಣ ಗಾಡಿಯ ಲೈಸೆನ್ಸ್ ಕೊಡುತ್ತೀರಿ, ತೊಟ್ಟಿಲ ಕೂಸಿನ ಕಿವಿಯನ್ನು ಹೇಳದೆ ಕೇಳದೆ ಚುಚ್ಚುತ್ತೀರಿ, ನನ್ನ ತೋಳಿನ ವಿಷಯದಲ್ಲಿ ಮಾತ್ರ ಯಾಕೆ ತಕರಾರು? ಈ ವಾದವನ್ನು ನಾನು ತಳ್ಳಿಹಾಕಲಾರೆ. ನಮ್ಮ ವಯಸ್ಸಿನ ಗೆರೆಗಳಿಗೆಲ್ಲ ಒಂದೇ ತರ್ಕವಿಲ್ಲ ಎಂಬುದು ನಿಜ. ಆದರೆ ಕಿವಿಯ ತೂತು ಓಲೆ ಬಿಟ್ಟರೆ ಮುಚ್ಚಿಕೊಳ್ಳಬಹುದು. ಲೈಸೆನ್ಸ್ ಬೇಡವಾದರೆ ಗಾಡಿ ಮಾರಬಹುದು. ಸೇನೆಗೆ ಸೇರುವವರನ್ನು ವೈದ್ಯರು ಪರೀಕ್ಷಿಸುತ್ತಾರೆ, ಅಪ್ಪ–ಅಮ್ಮ ಸಹಿ ಹಾಕುತ್ತಾರೆ, ತಿಂಗಳುಗಟ್ಟಲೆ ಯೋಚಿಸಲು ಸಮಯ ಸಿಗುತ್ತದೆ. ಸ್ಟೂಲಿನ ಮೇಲಿನ ತೀರ್ಮಾನಕ್ಕೆ ಗೆಳೆಯರ ಒಂದು ‘ಹೆದರ್ತೀಯೇನೋ?’ ಸಾಕು.

ಅಪ್ಪ–ಅಮ್ಮ ಒಪ್ಪಿದರೆ ಹಾಕಿಸಬಹುದು ಎಂಬ ನಡುದಾರಿ ಅಮೆರಿಕದ ಹಲವು ರಾಜ್ಯಗಳಲ್ಲಿದೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ ಆ ಸೌಲಭ್ಯವೂ ಇಲ್ಲ. 2022ರಲ್ಲಿ ಅಲ್ಲಿನ ಹೈಲ್ಯಾಂಡ್ ಎಂಬ ಊರಿನಲ್ಲಿ ಹತ್ತು ವರ್ಷದ ಹುಡುಗನೊಬ್ಬ ಶಾಲೆಯ ನರ್ಸ್ ಬಳಿ ಹೋಗಿ, ಕೈಗೆ ಹಚ್ಚಲು ಸ್ವಲ್ಪ ವ್ಯಾಸಲೀನ್ ಕೊಡಿ ಎಂದ. ಮುಂಗೈ ನೋಡಿದರೆ ದೊಡ್ಡ ಅಕ್ಷರಗಳಲ್ಲಿ ಅವನದೇ ಹೆಸರು, ಹೊಸ ಹಚ್ಚೆ. ತಾಯಿಯ ಒಪ್ಪಿಗೆಯಿಂದಲೇ ನೆರೆಯವನೊಬ್ಬ ಹಾಕಿದ್ದು. ಪೊಲೀಸರು ತಾಯಿಯನ್ನು ಬಂಧಿಸಿದರು. ತಾಯಿಯನ್ನು ಹಿಡಿದು ಒಯ್ದದ್ದು ಅತಿಯಾಯಿತೆಂದು ನನಗನ್ನಿಸುತ್ತದೆ, ಆದರೆ ಒಪ್ಪಿಗೆ ಕೊಡುವವರಿಗೂ ವಿವೇಚನೆ ಕೈಕೊಡುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಕೈದಿ ಬಟ್ಟೆಯ ಆ ಕೂಸಿಗೂ ಅಪ್ಪ–ಅಮ್ಮ ಇದ್ದರಲ್ಲ.

ನಿಷೇಧಿಸಿದರೆ ಮಕ್ಕಳು ಕಳ್ಳದಾರಿ ಹಿಡಿಯುತ್ತಾರೆ ಎಂಬ ಮಾತಿನಲ್ಲಿ ಹುರುಳಿದೆ. ಹೆಪಟೈಟಿಸ್ ಹರಡುತ್ತದೆಂದು ನ್ಯೂಯಾರ್ಕ್ ನಗರ 1961ರಲ್ಲಿ ದೊಡ್ಡವರಿಗೂ ಸೇರಿಸಿ ಹಚ್ಚೆಯನ್ನೇ ನಿಷೇಧಿಸಿತ್ತು. ಕಲಾವಿದರು ಮನೆಗಳ ಒಳಗೆ ಕೂತು ಹಾಕುತ್ತಲೇ ಹೋದರು. 1997ರಲ್ಲಿ ನಿಷೇಧ ತೆಗೆಯಬೇಕಾಯಿತು. ಆನ್‌ಲೈನಿನಲ್ಲಿ ಮಷಿನ್ನು, ಸೂಜಿ, ಶಾಯಿ ಒಂದೇ ಡಬ್ಬಿಯಲ್ಲಿ ಮನೆಗೆ ಬರುವ ಈ ಕಾಲದಲ್ಲಿ ಹಾಸ್ಟೆಲ್ ಕೋಣೆಯೇ ಪಾರ್ಲರ್ ಆಗಬಹುದು. ಆದ್ದರಿಂದ ಕಾನೂನಿನ ಕಣ್ಣು ಮಗುವಿನ ತೋಳಿನ ಮೇಲಲ್ಲ, ಸೂಜಿ ಹಿಡಿದ ಕೈ ಮೇಲೆ ಇರಬೇಕು. 18ರ ಒಳಗಿನವರಿಗೆ ಹಾಕಿದರೆ ಹಾಕಿದವನಿಗೆ ದಂಡ. ಹಾಕಿಸಿಕೊಂಡವರಿಗೆ ಯಾವ ಶಿಕ್ಷೆಯೂ ಬೇಡ. ಶಾಲೆ–ಕಾಲೇಜಿನಿಂದ ಹೊರಹಾಕುವುದಂತೂ ಬೇಡವೇ ಬೇಡ.

ಶಾಯಿಯದು ಇನ್ನೊಂದು ಕಥೆ. 2025ರ ಫೆಬ್ರುವರಿಯಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್, ಹಚ್ಚೆ ಶಾಯಿಯ ಮಾದರಿಗಳಲ್ಲಿ ಭಾರಲೋಹಗಳು ಪತ್ತೆಯಾಗಿರುವುದನ್ನು ಪ್ರಸ್ತಾಪಿಸಿ, ನಿಯಂತ್ರಣಕ್ಕಾಗಿ ಕೇಂದ್ರಕ್ಕೆ ಬರೆಯುವ ಮಾತಾಡಿದ್ದರು. ಯುರೋಪ್ ಒಕ್ಕೂಟ 2022ರ ಜನವರಿಯಿಂದಲೇ ಹಚ್ಚೆ ಶಾಯಿಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ರಾಸಾಯನಿಕಗಳಿಗೆ ಕಡಿವಾಣ ಹಾಕಿದೆ. ಇದು ದೊಡ್ಡವರಿಗೂ ಸಂಬಂಧಿಸಿದ್ದು, ಆದ್ದರಿಂದ ಇಲ್ಲಿ ಹೆಚ್ಚು ಎಳೆಯುವುದಿಲ್ಲ. ‘ತಾತ್ಕಾಲಿಕ ಟ್ಯಾಟೂ ಅಷ್ಟೇ’ ಎಂದು ಸಮಾಧಾನಪಡುವ ತಾಯಂದಿರು ಮಾತ್ರ ಒಂದು ಗಮನಿಸಲಿ: ಬೇಗ ಕಡುಕಪ್ಪಾಗಲೆಂದು ಮೆಹಂದಿಗೆ ಕೂದಲ ಬಣ್ಣದ ಪಿಪಿಡಿ ಬೆರೆಸುತ್ತಾರೆ. ಅದು ಬೊಕ್ಕೆ ಏಳಿಸಿ ಕಲೆ ಬಿಡಬಲ್ಲದು. ಮನೆಯಲ್ಲೇ ಅರೆದ ಗೋರಂಟಿಗೆ ಆ ಭಯವಿಲ್ಲ.

ಬೆಂಗಳೂರಿನ ಪಾರ್ಲರುಗಳಿಗೆ ಲೈಸೆನ್ಸ್ ಕಡ್ಡಾಯ ಮಾಡುವುದು ಸುಲಭ, ಸುದ್ದಿಯೂ ಆಗುತ್ತದೆ. ಕೆಲಸ ಆಗಬೇಕಾದ್ದು ಜಾತ್ರೆಯಲ್ಲಿ. ಅಂಗಡಿ ಜಾಗಕ್ಕೆ ಪಂಚಾಯಿತಿಯೋ ದೇವಸ್ಥಾನದ ಸಮಿತಿಯೋ ಸುಂಕ ಎತ್ತಿಯೇ ಎತ್ತುತ್ತದೆ. ಆ ರಸೀದಿ ಕೊಡುವಾಗಲೇ ಮೂರು ಷರತ್ತು ಹಾಕಬಹುದು: 18ರ ಒಳಗಿನವರಿಗೆ ಇಲ್ಲ, ಒಬ್ಬರಿಗೆ ಒಂದೇ ಸೂಜಿ, ಶಾಯಿಯ ಬಟ್ಟಲು ಪ್ರತಿ ಸಲ ಹೊಸದು. ನೀರಿನ ಗುಣಮಟ್ಟ ನೋಡಲು ಹೇಗೂ ಜಾತ್ರೆಗೆ ಬರುವ ಆರೋಗ್ಯ ನಿರೀಕ್ಷಕರು ಆ ಸ್ಟೂಲಿನ ಹತ್ತಿರವೂ ಹತ್ತು ನಿಮಿಷ ನಿಂತರೆ ಸಾಕು. ಹೊಟ್ಟೆಪಾಡಿಗೆ ಊರೂರು ಅಲೆಯುವವನ ಮಷಿನ್ನು ಕಿತ್ತುಕೊಳ್ಳುವ ಅಗತ್ಯವಿಲ್ಲ.

ಈಗಾಗಲೇ ಹಾಕಿಸಿಕೊಂಡು, ಪೂರ್ತಿ ತೋಳಿನ ಅಂಗಿ ತೊಟ್ಟು ಮನೆಯಲ್ಲಿ ಮುಚ್ಚಿಟ್ಟುಕೊಂಡಿರುವ ಮಕ್ಕಳ ವಿಷಯ ಬೇರೆ. ಬೈದರೆ ಅವರು ಸುಣ್ಣ, ಆಸಿಡ್ಡು, ಗೇರೆಣ್ಣೆ ಹಚ್ಚಿ ಅಳಿಸಲು ಹೋಗಿ ಸುಟ್ಟುಕೊಳ್ಳುತ್ತಾರೆ, ಹಚ್ಚೆಗಿಂತ ಅದರ ಕಲೆ ವಿಕಾರ. ಬೈಗುಳ ಬದಿಗಿಟ್ಟು ಆಸ್ಪತ್ರೆಗೆ ಕರೆದೊಯ್ದು ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮತ್ತು ಎಚ್‌ಐವಿ ಪರೀಕ್ಷೆ ಮಾಡಿಸಿ. ಸೋಂಕು ತಗುಲಿದ್ದರೂ ಮೊದಲ ಕೆಲವು ವಾರ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು, ಹಾಗಾಗಿ ವೈದ್ಯರು ಮತ್ತೆ ಬರಲು ಹೇಳಿದರೆ ತಪ್ಪಿಸಬೇಡಿ. ಚಿಕ್ಕಂದಿನಲ್ಲಿ ಹೆಪಟೈಟಿಸ್ ಬಿ ಲಸಿಕೆ ಬಿದ್ದಿದೆಯೇ ಎಂದು ತಾಯಿ ಕಾರ್ಡಿನಲ್ಲಿ ನೋಡಿ, ಬಿದ್ದಿಲ್ಲದಿದ್ದರೆ ಈಗಲೂ ಹಾಕಿಸಬಹುದು. ಸಿ ಬಗೆಗೆ ಲಸಿಕೆ ಇಲ್ಲ, ಬೇಗ ಗೊತ್ತಾದರೆ ವಾಸಿಮಾಡುವ ಮಾತ್ರೆಗಳು ಇವೆ.