ಉದ್ಯೋಗದ ಅನಿಶ್ಚಿತತೆ ಮತ್ತು ದೇಹಾರೋಗ್ಯ

ಕೆಲಸ ಹೋದವನ ಸಂಕಟವು ಎಲ್ಲರ ಕಣ್ಣಿಗೂ ಕಾಣುವಂಥದು. ಆದರೆ ‘ಹೋದೀತೇನೋ’ ಎಂಬ ಶಂಕೆಯಲ್ಲಿಯೇ ದಿನಗಳನ್ನು ನೂಕುವವನ ದೇಹಕ್ಕೂ ಹಾನಿ ತಟ್ಟುವುದೆಂಬುದನ್ನು ವಿಜ್ಞಾನವು ಕಂಡುಕೊಂಡಿದೆ.

ಇಂಥ ಶಂಕೆಯ ಬದುಕಿಗೆ ನಿದರ್ಶನವನ್ನು ದೂರದಲ್ಲಿ ಅರಸಬೇಕಾಗಿಲ್ಲ. 1880ರಲ್ಲಿ ಜಾನ್ ಟೇಲರ್ ಸಂಸ್ಥೆಯ ಕೈಸೇರಿ, 1956ರಲ್ಲಿ ಮೈಸೂರು ಸರಕಾರದ, 1962ರಲ್ಲಿ ಕೇಂದ್ರ ಸರಕಾರದ ಆಡಳಿತಕ್ಕೆ ಒಳಪಟ್ಟು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಹೆಸರನ್ನು ತಳೆದ ಕೋಲಾರದ ಚಿನ್ನದ ಗಣಿಗಳು, 1992ರಲ್ಲಿ ರೋಗಗ್ರಸ್ತ ಉದ್ಯಮಗಳ ಸಾಲಿಗೆ ಸೇರಿ, 2001ರ ಫೆಬ್ರವರಿ 28ರಂದು ಮುಚ್ಚಿದವು. ಆ ನಡುವಣ ವರ್ಷಗಳಲ್ಲಿ ಪಾಳಿಗೆ ಇಳಿಯುತ್ತಿದ್ದ ಕಾರ್ಮಿಕನಿಗೆ ಕೆಲಸವೇನೋ ಇದ್ದಿತು. ಆದರೆ ವಾಸದ ಲೈನ್ ಮನೆಯೂ ಮಕ್ಕಳಿಗೆ ಜ್ವರ ಬಂದರೆ ಓಡಬೇಕಾದ ಆಸ್ಪತ್ರೆಯೂ ಕಂಪನಿಯವೇ ಆಗಿದ್ದುದರಿಂದ, ಗಣಿ ನಿಂತರೆ ಸಂಸಾರದ ನೆಲೆಯೇ ಅಲುಗುವ ಸ್ಥಿತಿ ಅವನದಾಗಿದ್ದಿತು.

ಉದ್ಯೋಗದ ಅಭದ್ರತೆಯನ್ನು 1984ರಲ್ಲಿ ವಿಶ್ಲೇಷಿಸಿದ ಗ್ರೀನ್‌ಹಾಲ್ ಮತ್ತು ರೋಸೆನ್‌ಬ್ಲಾಟ್ ಎಂಬ ವಿದ್ವಾಂಸರು, ಒದಗಲಿರುವ ವಿಪತ್ತಿನ ತೀವ್ರತೆಯೊಡನೆ, ಅದನ್ನು ತಡೆಯಲು ತನ್ನಿಂದಾಗದೆಂಬ ಅಸಹಾಯಕತೆಯನ್ನೂ ಅಭದ್ರತೆಯ ಅಂಗವಾಗಿ ಗಣಿಸಿದರು. ಈ ಭಾವವು ದೇಹಕ್ಕೆ ತಟ್ಟುವ ಬಗೆ ಹೀಗೆ: ಅಪಾಯದ ಸುಳಿವು ದೊರೆತೊಡನೆ ಮಿದುಳಿನ ಆಜ್ಞೆಯಂತೆ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ರಸವನ್ನು ಸ್ರವಿಸಿ ದೇಹವನ್ನು ಸನ್ನದ್ಧಗೊಳಿಸುವುವು. ಅಪಾಯವು ಕಳೆದರೆ ಆ ರಸದ ಪ್ರಮಾಣ ಇಳಿಯುವುದು. ವರ್ಷಗಟ್ಟಲೆ ಆತಂಕ ಕಳೆಯದಿದ್ದರೆ ಆ ಸನ್ನದ್ಧತೆಯೇ ಭಾರವಾಗಿ, ನಿದ್ರೆ ಕೆಡುವುದು, ರಕ್ತದ ಒತ್ತಡ ಏರುವುದು ಮೊದಲಾದ ತೊಂದರೆಗಳಿಗೆ ಎಡೆಗೊಡಬಹುದು. ಲಂಡನ್ನಿನ ಸರಕಾರಿ ನೌಕರರನ್ನು ಕುರಿತ ವೈಟ್‌ಹಾಲ್ ಅಧ್ಯಯನದಲ್ಲಿ, ಖಾಸಗಿಯವರ ವಶವಾಗಲಿದ್ದ ಇಲಾಖೆಯೊಂದರ ಪುರುಷ ನೌಕರರು, ಕೆಲಸ ಇನ್ನೂ ಕೈಯಲ್ಲಿದ್ದಾಗಲೇ, ಉಳಿದ ಇಲಾಖೆಗಳವರಿಗಿಂತ ತಮ್ಮ ಆರೋಗ್ಯ ಕುಂದಿದೆಯೆಂದು ಹೇಳಿಕೊಂಡುದು 1995ರಲ್ಲಿ ಪ್ರಕಟವಾಯಿತು.

ಈ ಅರಿವು ಕೋಲಾರ ಜಿಲ್ಲೆಗೆ ಇಂದಿಗೂ ಪ್ರಸ್ತುತವೇ. ಇಲ್ಲಿನ ನರಸಾಪುರದಲ್ಲಿದ್ದ ವಿಸ್ಟ್ರಾನ್ ಕಂಪನಿಯ ಕಾರ್ಖಾನೆ 2023ರಲ್ಲಿ ಟಾಟಾ ಸಮೂಹದ ಪಾಲಾಯಿತು. ಕೋಲಾರ, ಮಾಲೂರುಗಳ ಕೈಗಾರಿಕೆಗಳನ್ನು ನಂಬಿದ ಮುಳಬಾಗಿಲು, ಶ್ರೀನಿವಾಸಪುರಗಳ ತರುಣ ತರುಣಿಯರಿಗೆ ಇಂಥ ಹಸ್ತಾಂತರಗಳು ಮುಂದೆಯೂ ಎದುರಾಗುವುವು. ಕಾಂಟ್ರಾಕ್ಟ್ ಮುಂದುವರಿಯುವುದೋ ಇಲ್ಲವೋ ಎಂಬುದನ್ನು ಗಾಳಿಮಾತಿನಿಂದ ಊಹಿಸಬೇಕಾದ ಗತಿ ಅವರಿಗೆ ಬರಬಾರದು. ಯಂತ್ರಕ್ಕೆ ರಕ್ಷಣೆಯ ಬೇಲಿ ಹಾಕುವುದು ಹೇಗೆ ಮಾಲೀಕರ ಕರ್ತವ್ಯವೋ, ಬದಲಾವಣೆಯ ನಿಜಸಂಗತಿಯನ್ನು ಕಾಲಕ್ಕೆ ಮುಂಚೆಯೇ ಬರಹದಲ್ಲಿ ತಿಳಿಸಿ, ಕಾರ್ಮಿಕರೊಡನೆ ಕುಳಿತು ಸಮಾಲೋಚಿಸುವುದೂ ಹಾಗೆಯೇ ಅವರ ಕರ್ತವ್ಯ. ಅದನ್ನು ಕೇಳಿ ಪಡೆಯುವುದು ಕಾರ್ಮಿಕರ ಹಕ್ಕಾಗಬೇಕು.