ರಸಪ್ರಶ್ನೆಯ ಆಟ ಮತ್ತು ಪಾಠದ ಪುನರಾವರ್ತನೆ

ಪರೀಕ್ಷೆ ಸಮೀಪಿಸಿದೊಡನೆ ಪಾಠಗಳನ್ನು ಮತ್ತೆ ಮತ್ತೆ ಓದಿಸುವುದು ಶಾಲೆಗಳಲ್ಲಿ ನಡೆದು ಬಂದ ರೂಢಿ. ಓದಿದ್ದನ್ನೇ ಓದಿದಾಗ ವಿಷಯವು ಪರಿಚಿತವಾಗಿ ತೋರುತ್ತದೆ. ಆ ಪರಿಚಯವನ್ನೇ ವಿದ್ಯಾರ್ಥಿಯು ತಿಳಿವಳಿಕೆಯೆಂದು ಭ್ರಮಿಸುತ್ತಾನೆ. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗವು ಈ ಭ್ರಮೆಯನ್ನು ಬಯಲಿಗೆಳೆಯಿತು. ಗದ್ಯಭಾಗವೊಂದನ್ನು ಎರಡು ಸಲ ಓದಿದವರು ಐದು ನಿಮಿಷಗಳ ತರುವಾಯ ಮುಂದಿದ್ದರು. ಆದರೆ ಒಂದು ವಾರ ಕಳೆದಾಗ ಅವರ ನೆನಪಿನಲ್ಲಿ ಉಳಿದದ್ದು ಶೇಕಡಾ 42 ಭಾಗ ಮಾತ್ರ. ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಿನಿಂದ ಬರೆದವರಲ್ಲಿ ಶೇಕಡಾ 56.

ಅಂತರಜಾಲದ ರಸಪ್ರಶ್ನೆ ಆಟಗಳ ಪ್ರಯೋಜನವಿರುವುದು ಈ ಸ್ಮರಣೆಯ ಶ್ರಮದಲ್ಲಿಯೇ ಹೊರತು ಬಣ್ಣ, ಸಂಗೀತಗಳಲ್ಲಲ್ಲ. ನಾರ್ವೆಯಲ್ಲಿ ಹುಟ್ಟಿ 2013ರಲ್ಲಿ ಬಳಕೆಗೆ ಬಂದ ‘ಕಹೂಟ್’ನಲ್ಲಿ ಪ್ರಶ್ನೆಯು ತರಗತಿಯ ಪರದೆಯ ಮೇಲೆ ಮೂಡುತ್ತದೆ; ಮಕ್ಕಳು ತಮ್ಮ ಮುಂದಿನ ಉಪಕರಣದಲ್ಲಿ ಉತ್ತರವನ್ನು ಒತ್ತುತ್ತಾರೆ. ಸರಿಯುತ್ತರ ಬೇಗ ಬಂದಷ್ಟೂ ಅಂಕ ಹೆಚ್ಚು. ತರಗತಿಯಲ್ಲಿ ಹುರುಪೇನೋ ತುಂಬುತ್ತದೆ. ಆದರೆ ನಿಧಾನವಾಗಿ ಯೋಚಿಸುವ ಮಗುವು ನಾಲ್ಕಾರು ಪ್ರಶ್ನೆಗಳಲ್ಲಿಯೇ ಹಿಂದೆ ಬಿದ್ದು, ಗೆಲ್ಲುವ ಆಸೆ ತೊರೆದು, ಕಣ್ಣುಮುಚ್ಚಿ ಯಾವುದೋ ಒಂದನ್ನು ಒತ್ತತೊಡಗುತ್ತದೆ. ಪುನರಾವರ್ತನೆ ಯಾರಿಗೆ ಅತ್ಯಗತ್ಯವೋ ಅವರನ್ನೇ ಅದು ಕೈಬಿಟ್ಟಂತಾಯಿತು! 2015ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ‘ಕ್ವಿಜಿಜ್’, 2025ರಿಂದ ‘ವೇಗ್ರೌಂಡ್’ ಎಂದು ಹೆಸರಾದುದು, ಪ್ರಶ್ನೆಗಳನ್ನು ಪ್ರತಿ ವಿದ್ಯಾರ್ಥಿಯ ಉಪಕರಣದಲ್ಲಿಯೇ ತೋರಿಸಿ ಅವನವನ ವೇಗಕ್ಕೆ ಬಿಡಬಲ್ಲುದು. ಕಾಲಮಿತಿಯನ್ನು ತೆಗೆದಿಡಲೂ ಅದರಲ್ಲಿ ಅವಕಾಶವುಂಟು.

ಆದರೂ ಯಂತ್ರಕ್ಕಿಂತ ಪ್ರಶ್ನೆಯ ರಚನೆಯೇ ಮುಖ್ಯ. ಮೂರನೆಯ ಒಂದು ಭಾಗ ದೊಡ್ಡದೋ, ನಾಲ್ಕನೆಯ ಒಂದು ಭಾಗ ದೊಡ್ಡದೋ ಎಂದು ಕೇಳಿದರೆ, ಮೂರಕ್ಕಿಂತ ನಾಲ್ಕು ದೊಡ್ಡದೆಂಬ ತರ್ಕದಿಂದ ಎರಡನೆಯದನ್ನು ಆರಿಸುವ ಮಕ್ಕಳು ಬಹಳ. ಇಂತಹ ತಪ್ಪನ್ನು ಮೊದಲೇ ಊಹಿಸಿ ಆಯ್ಕೆಗಳಲ್ಲಿ ಇಟ್ಟಾಗ, ಯಾರು ಎಲ್ಲಿ ಎಡವಿದರೆಂಬುದು ಉಪಾಧ್ಯಾಯರಿಗೆ ಒಡನೆಯೇ ತಿಳಿಯುತ್ತದೆ. ಅಲ್ಲಿ ಆಟವನ್ನು ನಿಲ್ಲಿಸಬೇಕು. ಒಂದು ರೊಟ್ಟಿಯನ್ನು ಮೂವರಿಗೆ ಹಂಚಿ, ಅಷ್ಟೇ ದೊಡ್ಡ ಇನ್ನೊಂದನ್ನು ನಾಲ್ವರಿಗೆ ಹಂಚಿದರೆ ಯಾರ ಪಾಲು ದೊಡ್ಡದೆಂದು ಕೇಳಿ, ಮಕ್ಕಳಿಂದಲೇ ಕಾರಣ ಹೇಳಿಸಬೇಕು. ಗಲಾಟೆ ತಗ್ಗುವುದೆಂದು ಹೆದರಿ ಮುಂದಿನ ಪ್ರಶ್ನೆಗೆ ಓಡುವುದರಿಂದ ಲಾಭವಿಲ್ಲ.

ಪ್ರತಿ ಮಗುವಿಗೂ ಉಪಕರಣ ಒದಗಿಸುವುದು ಎಲ್ಲ ಶಾಲೆಗಳಿಗೂ ಸಾಧ್ಯವಾಗದು. ‘ಪ್ಲಿಕರ್ಸ್’ ಎಂಬ ವ್ಯವಸ್ಥೆಯಲ್ಲಿ ಮಕ್ಕಳ ಕೈಯಲ್ಲಿರುವುದು ಮುದ್ರಿತ ಕಾಗದದ ಚೀಟಿ ಮಾತ್ರ. ಅದರ ನಾಲ್ಕು ಪಕ್ಕಗಳು ನಾಲ್ಕು ಉತ್ತರಗಳು. ಆರಿಸಿದ ಪಕ್ಕವನ್ನು ಮೇಲೆ ಮಾಡಿ ಹಿಡಿದರೆ ಉಪಾಧ್ಯಾಯರ ಒಂದೇ ಮೊಬೈಲು ಎಲ್ಲರ ಉತ್ತರಗಳನ್ನೂ ಓದಿಕೊಳ್ಳುತ್ತದೆ. ಚೀಟಿಯ ಗುರುತು ಒಬ್ಬೊಬ್ಬರದು ಒಂದೊಂದು ಬಗೆಯಾದುದರಿಂದ ಪಕ್ಕದವನನ್ನು ನೋಡಿ ನಕಲು ಮಾಡುವುದೂ ಸುಲಭವಲ್ಲ.